ನೆರೆಮನೆಯ ಹೊಗೆ

ಬಳ್ಳಾರಿ ಸೀಮೆಯ ಹಳೆಯ ಮನೆಗೆ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ಬೆಳಕಿಂಡಿ. ಒಲೆಯ ಹೊಗೆಯೂ ಯಜಮಾನನ ಚುಟ್ಟದ ಹೊಗೆಯೂ ಆ ಕಿಂಡಿಯಿಂದಲೇ ಮೇಲಕ್ಕೆ ಹೋಗಿ ಆಕಾಶದಲ್ಲಿ ಲೀನವಾಗುತ್ತಿದ್ದವು. ಆಕಾಶಕ್ಕೆ ಒಡೆಯನಿಲ್ಲ, ಆದುದರಿಂದ ಆ ಹೊಗೆಯನ್ನು ಕುರಿತು ವ್ಯಾಜ್ಯ ಹುಟ್ಟುವ ಪ್ರಸಂಗವೂ ಇರಲಿಲ್ಲ. ಸಿರುಗುಪ್ಪದ ಗದ್ದೆಯ ಬದಿಯ ಮನೆಯಲ್ಲಾಗಲಿ, ಕುರುಗೋಡಿನ ಬೆಟ್ಟದ ಬುಡದ ಮನೆಯಲ್ಲಾಗಲಿ, ಜಗಲಿಯ ಮೇಲೆ ಕುಳಿತು ಬೀಡಿ ಸೇದುವವನಿಗೆ ಅತ್ತ ಹೋಗೆಂದು ಹೇಳುವ ಅಧಿಕಾರ ಮನೆಯ ಹಿರಿಯರದು ಮಾತ್ರವಾಗಿತ್ತು. ಈಗ ಬಳ್ಳಾರಿ ನಗರದಲ್ಲಿ ಮನೆಯ ಮೇಲೆ ಮನೆ ಎದ್ದಿದೆ. ಒಬ್ಬನ ನೆಲವೇ ಮತ್ತೊಬ್ಬನ ಸೂರು. ಮೆಟ್ಟಿಲು ಒಂದೇ, ಲಿಫ್ಟು ಒಂದೇ. ಸ್ನಾನದ ಮನೆಗಳ ಹಿಂದೆ ಕೆಳಗಿನಿಂದ ಮೇಲಿನವರೆಗೆ ಬಾವಿಯಂತೆ ಹೋಗುವ ಡಕ್ಟು ಒಂದೇ. ಏಪ್ರಿಲ್ ಮೇ ತಿಂಗಳ ರಾತ್ರಿಗಳಲ್ಲಿ ಕಿಟಕಿ ಮುಚ್ಚಿ ಮಲಗುವುದು ಈ ಊರಿನಲ್ಲಿ ಯಾರಿಂದಲೂ ಸಾಧ್ಯವಿಲ್ಲ. ತೆರೆದರೆ ಕೆಳಮನೆಯವರ ಸಿಗರೇಟಿನ ಹೊಗೆ ಮೇಲ್ಮನೆಯ ತೊಟ್ಟಿಲಿನವರೆಗೂ ಬರುತ್ತದೆ.

ಇಂಥ ಕಟ್ಟಡವೊಂದರ ಒಡೆಯರು ಸಭೆ ಸೇರಿ, “ಈ ಕಟ್ಟಡದಲ್ಲಿ ಎಲ್ಲಿಯೂ, ಮನೆಗಳ ಒಳಗೂ ಸಹ, ಧೂಮಪಾನ ಕೂಡದು” ಎಂದು ನಿಯಮ ಮಾಡಬಹುದೇ? ಮಾಡಬಹುದಾದರೆ ಅದಕ್ಕೆ ಧರ್ಮದ ಆಧಾರವೇನು? ನಗರಗಳ ವಿದ್ಯಾವಂತ ಕುಟುಂಬಗಳಲ್ಲಿ ಈಚೆಗೆ ಆಗಾಗ ಕೇಳಿಬರುವ ಈ ಪ್ರಶ್ನೆ ಮೇಲುನೋಟಕ್ಕೆ ಕ್ಷುದ್ರವಾಗಿ ತೋರಬಹುದು. ಆದರೆ ‘ನನ್ನದು’ ಎಂಬ ಮಾತಿನ ಎಲ್ಲೆ ಯಾವುದು ಎಂಬ ಬಹು ಹಳೆಯ ಜಿಜ್ಞಾಸೆ ಇದರ ಒಳಗೆ ಅಡಗಿದೆ.

ಮೊದಲು ರಾಜಶಾಸನದ ಸ್ಥಿತಿಯನ್ನು ತಿಳಿಯತಕ್ಕದ್ದು. ಸಾರ್ವಜನಿಕ ಸ್ಥಳದ ಧೂಮಪಾನವನ್ನು ಕೇರಳದ ಉಚ್ಚ ನ್ಯಾಯಾಲಯ 1999ರಲ್ಲಿಯೇ ಅಕ್ರಮವೆಂದು ಸಾರಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನಿಷೇಧವನ್ನು ದೇಶಕ್ಕೆಲ್ಲ ಅನ್ವಯಿಸಿತು. 2003ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿತು. ಅದರ ನಿಯಮಗಳು 2008ರ ಗಾಂಧೀಜಯಂತಿಯ ದಿನದಿಂದ ಬಿಗಿಯಾಗಿ ಜಾರಿಗೆ ಬಂದವು. ತಪ್ಪಿಗೆ ಗೊತ್ತುಮಾಡಿದ್ದ 200 ರೂಪಾಯಿಯ ದಂಡವನ್ನು ಕರ್ನಾಟಕವು ತನ್ನ ತಿದ್ದುಪಡಿಯಿಂದ 1000 ರೂಪಾಯಿಗೆ ಏರಿಸಿದೆ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ 2025ರಲ್ಲಿ ದೊರೆಯಿತು. ಆದರೆ ಇವೆಲ್ಲವೂ ಆಸ್ಪತ್ರೆ, ಕಚೇರಿ, ಶಾಲೆ, ನಾಟಕಶಾಲೆ ಮೊದಲಾದ ಸಾರ್ವಜನಿಕರು ಬಂದುಹೋಗುವ ಸ್ಥಳಗಳಿಗೆ ಸಂಬಂಧಿಸಿದ ಮಾತು. ಗೃಹಸ್ಥನ ಮನೆಯ ಹೊಸಿಲನ್ನು ಕಾಯಿದೆ ದಾಟಿಲ್ಲ. ಅದು ನಿಂತ ಹೊಸಿಲಿನಿಂದಲೇ ಧರ್ಮವಿಚಾರ ಆರಂಭವಾಗತಕ್ಕದ್ದು.

ಪೂರ್ವಪಕ್ಷವನ್ನು ದುರ್ಬಲವಾಗಿ ಹೇಳಿ ಗೆಲ್ಲುವುದು ಪಂಡಿತರ ಲಕ್ಷಣವಲ್ಲ. ಅದನ್ನು ಅದರ ಪೂರ್ಣ ಬಲದಿಂದಲೇ ಹೇಳಬೇಕು. ನಲವತ್ತು ವರ್ಷ ನೌಕರಿ ಮಾಡಿ, ಉಳಿಸಿದ ಹಣವನ್ನೆಲ್ಲ ಸುರಿದು, ಎರಡು ಕೋಣೆಯ ಮನೆಯೊಂದನ್ನು ಕೊಂಡ ಗೃಹಸ್ಥನೊಬ್ಬನಿದ್ದಾನೆಂದು ಭಾವಿಸೋಣ. ರಾತ್ರಿ ಊಟವಾದ ಮೇಲೆ ಒಂದು ಸಿಗರೇಟು ಅವನ ಹಳೆಯ ಅಭ್ಯಾಸ. ಆ ವಸ್ತುವನ್ನು ಮಾರುವುದಕ್ಕೆ ಸರಕಾರದ ಅನುಮತಿಯುಂಟು. ಅದರ ಮೇಲಿನ ತೆರಿಗೆಯನ್ನು ಸರಕಾರವೇ ಎತ್ತುತ್ತದೆ. ಅವನು ಮನೆ ಕೊಂಡಾಗ ಇಂಥ ನಿಯಮವಿರಲಿಲ್ಲ. ತನ್ನ ವಸ್ತುವನ್ನು ಯಥೇಷ್ಟವಾಗಿ ವಿನಿಯೋಗಿಸುವ ಅರ್ಹತೆಯೇ ಸ್ವತ್ವವೆಂದು ಶಾಸ್ತ್ರಕಾರರೇ ಹೇಳಿರುವರಷ್ಟೆ! ತನ್ನ ಮನೆಯಲ್ಲಿ, ಬಾಗಿಲು ಹಾಕಿಕೊಂಡು, ತಾನು ಮಾಡುವ ಕಾರ್ಯವನ್ನು ನೆರೆಯವರು ಕೈಯೆತ್ತಿ ನಿಲ್ಲಿಸುವುದಾದರೆ ಅದು ಮನೆಯೋ ಛತ್ರವೋ? ಇಂದು ಸಿಗರೇಟಾದರೆ ನಾಳೆ ಮೆಣಸಿನಕಾಯಿಯ ಒಗ್ಗರಣೆ, ನಾಡಿದ್ದು ಗಣಹೋಮ. ಇದು ಅವನ ವಾದ. ಕೆಲವರು ಇದರೊಡನೆ ಚರಕಸಂಹಿತೆಯಲ್ಲಿ ಧೂಮಪಾನದ ವಿಧಿಯೇ ಉಂಟೆಂದು ಸೇರಿಸುವರು. ಉಂಟು, ಸೂತ್ರಸ್ಥಾನದಲ್ಲಿ ಉಂಟು; ಆದರೆ ಅದು ಔಷಧಿಗಳಿಂದ ಮಾಡಿದ ವರ್ತಿಯ ಧೂಮ, ಅದಕ್ಕೆ ಕಾಲನಿಯಮವುಂಟು, ಮಿತಿಮೀರಿದರೆ ಆಗುವ ಕೇಡುಗಳ ಪಟ್ಟಿಯೂ ಅಲ್ಲಿಯೇ ಉಂಟು. ಹೊಗೆಸೊಪ್ಪನ್ನು ಚರಕರು ಕಂಡವರೇ ಅಲ್ಲ. ಅದು ಪೋರ್ತುಗೀಸರ ಹಡಗಿನಲ್ಲಿ ಬಂದು ನಮ್ಮ ಬಿಜಾಪುರದಲ್ಲಿ ನೆಲೆಸಿ, 17ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಸದ್ ಬೇಗನೆಂಬ ರಾಯಭಾರಿಯ ಕೈಯಿಂದ ಅಕ್ಬರನ ಆಸ್ಥಾನಕ್ಕೆ ಹೋಯಿತು. ಅಕ್ಬರನ ಮಗ ಜಹಾಂಗೀರನು 1617ರಲ್ಲಿ ಅದನ್ನು ನಿಷೇಧಿಸಿದನು; ಯಾರೂ ಕೇಳಲಿಲ್ಲವೆಂಬುದಕ್ಕೆ ಇಂದಿನ ಪ್ರತಿಯೊಂದು ಗೂಡಂಗಡಿಯೂ ಸಾಕ್ಷಿ.

ಈ ಪೂರ್ವಪಕ್ಷಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ತಪ್ಪು ಉತ್ತರ. ಧೂಮಪಾನ ದುರ್ವ್ಯಸನ, ಅದು ಸೇದುವವನನ್ನೇ ಕೊಲ್ಲುತ್ತದೆ, ಆದುದರಿಂದ ಸಂಘವು ಅದನ್ನು ತಡೆಯಬೇಕೆನ್ನುವರು. ಕೊಲ್ಲುತ್ತದೆಂಬುದು ದಿಟ. ಆದರೆ ಕಟ್ಟಡದ ಸಂಘವು ಯಾರಿಗೂ ಗುರುಪೀಠವಲ್ಲ. ಪಂಪು ದುರಸ್ತಿ, ಲಿಫ್ಟಿನ ಖರ್ಚು, ನೀರಿನ ಟ್ಯಾಂಕರು, ಇವಕ್ಕಾಗಿ ಹುಟ್ಟಿದ ಸಭೆ ಅದು. ಒಬ್ಬನ ದೇಹವನ್ನು ಅವನಿಂದಲೇ ಕಾಪಾಡುವ ಅಧಿಕಾರ ಅವನ ಹೆಂಡತಿಗೆ, ವೈದ್ಯನಿಗೆ, ಹೆಚ್ಚೆಂದರೆ ಹಳೆಯ ಸ್ನೇಹಿತನಿಗೆ ಇರಬಹುದು. ಎರಡನೆಯ ಅಂತಸ್ತಿನ ಕಾರ್ಯದರ್ಶಿಗೆ ಇಲ್ಲ. ಕಡ್ಡಿಪುಡಿ, ಗುಟಕಾ ಜಗಿಯುವವನ ಬಾಯಿಗೂ ಇದೇ ಗತಿ ಬರುತ್ತದೆ. ಆದರೂ ಮನೆಯೊಳಗೆ ಜಗಿಯಕೂಡದೆಂದು ಯಾವ ಸಂಘವೂ ನಿಯಮ ಮಾಡಿಲ್ಲ, ಮಾಡಲೂ ಬೇಕಾಗಿಲ್ಲ. ಮೆಟ್ಟಿಲ ಮೂಲೆಯಲ್ಲಿ ಉಗುಳುವುದು ಬೇರೆಯ ಮಾತು. ಅದಕ್ಕೆ ಎಷ್ಟು ದಂಡ ಹಾಕಿದರೂ ಕಡಮೆಯೇ. ಆದುದರಿಂದ ನಿಯಮಕ್ಕೆ ಆಧಾರವಿದ್ದರೆ ಅದು ಸೇದುವವನ ಪಾಪದಲ್ಲಿಲ್ಲ, ಹೊಗೆಯ ಸಂಚಾರದಲ್ಲಿದೆ.

ಇಲ್ಲಿ ವೈಶೇಷಿಕರ ಮಾತೊಂದು ಬಹಳ ಉಪಯುಕ್ತವಾಗಿದೆ. ಗಂಧವೆಂಬುದು ಪೃಥಿವಿಯ ಗುಣ, ವಾಯುವಿಗೆ ಗಂಧವಿಲ್ಲ. ಗಾಳಿಯಲ್ಲಿ ವಾಸನೆ ಬಂದರೆ ಪೃಥಿವಿಯ ಕಣಗಳು ಅದರಲ್ಲಿ ಸೇರಿ ಬಂದಿವೆಯೆಂದೇ ಅರ್ಥ. ಏಕೆಂದರೆ ಗುಣವು ತನ್ನ ದ್ರವ್ಯವನ್ನು ಬಿಟ್ಟು ಒಂಟಿಯಾಗಿ ಪ್ರಯಾಣ ಮಾಡಲಾರದು. ತರ್ಕಸಂಗ್ರಹದ ವಿದ್ಯಾರ್ಥಿ ಮೊದಲ ವರ್ಷದಲ್ಲಿಯೇ ಕಲಿಯುವ ಈ ಪಾಠವನ್ನು ನೆರೆಮನೆಯ ಸಿಗರೇಟಿಗೆ ಅನ್ವಯಿಸಿದರೆ, “ಬರೀ ವಾಸನೆ ಬಂದರೆ ಏನಾಯಿತು?” ಎಂಬ ಪ್ರಶ್ನೆಯೇ ನಿಲ್ಲುವುದಿಲ್ಲ. ಬಂದದ್ದು ಬರೀ ವಾಸನೆಯಲ್ಲ, ದ್ರವ್ಯ. ಇಂದಿನ ವೈದ್ಯಶಾಸ್ತ್ರ ಹೇಳುವುದೂ ಇದನ್ನೇ. ಜಪಾನಿನ ಹಿರಾಯಾಮಾ ಎಂಬ ವಿದ್ವಾಂಸನು, ತಾವು ಸ್ವತಃ ಸೇದದ ಸುಮಾರು 91 ಸಾವಿರ ಗೃಹಿಣಿಯರನ್ನು ಹದಿನಾಲ್ಕು ವರ್ಷಗಳ ಕಾಲ ಗಮನಿಸಿ, ಗಂಡಂದಿರು ಹೆಚ್ಚು ಸೇದುವ ಮನೆಗಳ ಹೆಂಗಸರಲ್ಲಿ ಶ್ವಾಸಕೋಶದ ಅರ್ಬುದ ಹೆಚ್ಚಾಗಿರುವುದನ್ನು 1981ರಲ್ಲಿ ಪ್ರಕಟಿಸಿದನು. ಪರರ ಹೊಗೆಗೆ ನಿರಪಾಯವಾದ ಪ್ರಮಾಣವೆಂಬುದೇ ಇಲ್ಲವೆಂದು ಅಮೆರಿಕದ ಪ್ರಧಾನ ವೈದ್ಯಾಧಿಕಾರಿಯ ವರದಿ 2006ರಲ್ಲಿ ಸಾರಿತು. ಒಂದೇ ಮನೆಯ ಹೊಗೆಗೂ ಗೋಡೆಯಾಚೆಯಿಂದ ಬರುವ ಹೊಗೆಗೂ ಪ್ರಮಾಣದಲ್ಲಿ ಅಂತರವುಂಟೆಂಬುದನ್ನು ಒಪ್ಪಲೇಬೇಕು, ಜಾತಿಯಲ್ಲಿ ಅಂತರವಿಲ್ಲ.

ಹಾಗಾದರೆ ಸ್ವತ್ವದ ಮಾತೇನು? ಯಥೇಷ್ಟ ವಿನಿಯೋಗವೆಂಬ ಲಕ್ಷಣವನ್ನು ಉದ್ಧರಿಸುವವರು, ಸ್ವತ್ವವು ಎಲ್ಲಿಂದ ಬರುತ್ತದೆಂಬ ಚರ್ಚೆಯನ್ನು ಮರೆಯುತ್ತಾರೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು, ದಾಯವಿಭಾಗವನ್ನು ಹೇಳುವಲ್ಲಿ, ಸ್ವತ್ವವು ಲೌಕಿಕವೆಂದು ಸಿದ್ಧಾಂತ ಮಾಡಿರುವನು. ಅದು ಶಾಸ್ತ್ರದಿಂದ ಮಾತ್ರವೇ ಹುಟ್ಟುವ ಅಲೌಕಿಕ ಪದಾರ್ಥವಲ್ಲ. ಜನರ ವ್ಯವಹಾರದಿಂದ ಹುಟ್ಟಿ ವ್ಯವಹಾರದಲ್ಲಿ ನಿಂತದ್ದು. ಹಾಗಿದ್ದಮೇಲೆ ವ್ಯವಹಾರದ ರೂಪ ಬದಲಾದಾಗ ಸ್ವತ್ವದ ರೂಪವೂ ಬದಲಾಗಲೇಬೇಕು. ಬಿಡಿ ಮನೆಯ ಒಡೆಯನಿಗೆ ನೆಲದಿಂದ ಆಕಾಶದವರೆಗೆ ತನ್ನದೆಂಬುದಿತ್ತು. ಸಮುಚ್ಚಯದಲ್ಲಿ ಮನೆ ಕೊಂಡವನಿಗೆ ದೊರೆತದ್ದು ಬೇರೆ ಬಗೆಯ ವಸ್ತು: ನಾಲ್ಕು ಗೋಡೆಗಳ ನಡುವಣ ಅವಕಾಶವು ಅವನೊಬ್ಬನದು, ನೆಲ, ಮೆಟ್ಟಿಲು, ಮಾಳಿಗೆ ಇವುಗಳಲ್ಲಿ ಅವಿಭಕ್ತವಾದ ಪಾಲು. 1972ರ ನಮ್ಮ ರಾಜ್ಯದ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆ ಹೇಳುವುದು ಹೀಗೆಯೇ. ಸಂಘದ ಉಪನಿಯಮಗಳಿಗೆ ಒಡೆಯನು ಬದ್ಧನೆಂದೂ ಅದು ಹೇಳುತ್ತದೆ. ಅವಿಭಕ್ತ ಕುಟುಂಬವನ್ನು ಬಿಟ್ಟು ಬಂದೆವೆಂದು ಹಿಗ್ಗುವ ಜನ, ಒಡಹುಟ್ಟಿದವರಲ್ಲದ ಮೂವತ್ತು ನಲವತ್ತು ಮನೆಯವರೊಡನೆ ಮತ್ತೆ ಅವಿಭಕ್ತರಾಗಿದ್ದಾರೆ!

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಈ ವಿಷಯದಲ್ಲಿ ಆಶ್ಚರ್ಯವಾಗುವಷ್ಟು ಸ್ಪಷ್ಟವಾಗಿದೆ. ಧರ್ಮಸ್ಥೀಯವೆಂಬ ಮೂರನೆಯ ಅಧಿಕರಣದಲ್ಲಿ ಮನೆ ಕಟ್ಟುವವನು ತನ್ನ ಒಲೆ, ನೀರಿನ ಕೊಪ್ಪರಿಗೆ, ಬೀಸುವ ಕಲ್ಲು, ಒರಳು ಇವುಗಳನ್ನು ನೆರೆಯವನ ಗೋಡೆಯಿಂದ ಇಂತಿಷ್ಟು ದೂರದಲ್ಲಿ ಇಡತಕ್ಕದ್ದೆಂದೂ, ತಪ್ಪಿದರೆ ದಂಡವೆಂದೂ ಹೇಳಿದೆ. ಬೆಂಕಿ ತನ್ನದು, ನೆಲ ತನ್ನದು, ಒಲೆ ತನ್ನದು, ಆದರೂ ದಂಡ. ಒಲೆ ಹೂಡುವುದು ಪಾಪವೆಂದು ಯಾರೂ ಹೇಳಲಿಲ್ಲ. ದೂರವಿರಲಿ ಎಂದಷ್ಟೇ ಹೇಳಿದರು. ಇದಕ್ಕಿಂತಲೂ ಮುಖ್ಯವಾದ ಮಾತು ಅದೇ ಪ್ರಕರಣದಲ್ಲಿದೆ: ಮನೆಯೊಡೆಯರು ತಮ್ಮತಮ್ಮಲ್ಲಿ ಕೂಡಿ ತಮಗಿಷ್ಟವಾದಂತೆ ಏರ್ಪಾಡು ಮಾಡಿಕೊಳ್ಳಬಹುದು, ಅನಿಷ್ಟವಾದುದನ್ನು ನಿವಾರಿಸಬಹುದು ಎಂಬ ಅರ್ಥದ ವಿಕಲ್ಪವದು. ಅರಸನ ಕಟ್ಟಳೆಯನ್ನು ಹೇಳಹೊರಟ ಗ್ರಂಥವೇ ನೆರೆಹೊರೆಯವರ ಒಡಂಬಡಿಕೆಗೆ ಇಷ್ಟು ಸ್ಥಾನ ಕೊಟ್ಟಿದೆ. ಇಂದಿನ ಸಂಘವೊಂದು ಹೊಗೆಯಿಲ್ಲದ ಕಟ್ಟಡವೆಂದು ನಿರ್ಣಯಿಸಿದರೆ ಅದು ವಿಲಾಯತಿಯ ಅನುಕರಣವೆಂದು ಹೇಳುವವರು ಈ ಪ್ರಕರಣವನ್ನು ನೋಡಬೇಕು.

ಸಿರುಗುಪ್ಪದ ಕಡೆಯ ಓದುಗರಿಗೆ ಅರ್ಥಶಾಸ್ತ್ರವೂ ಬೇಡ. ವಿಜಯನಗರದ ಅರಸರ ಕಾಲದಿಂದ ತುಂಗಭದ್ರೆಯ ಕಾಲುವೆಯನ್ನು ಹಂಚಿಕೊಂಡು ಬಾಳಿದ ಸೀಮೆ ಅದು. ಮೇಲಣ ರೈತನು ತನ್ನ ಗದ್ದೆಯಲ್ಲಿ ಮಾಡಿದ್ದು ಕೆಳಗಣ ರೈತನ ಗದ್ದೆಯಲ್ಲಿ ಕಾಣುತ್ತದೆಂಬುದು ಅಲ್ಲಿ ಮಕ್ಕಳಿಗೂ ಗೊತ್ತು. ಕಾಲುವೆಯ ಕೊನೆ ಭಾಗದ ರೈತನ ದುಃಖವನ್ನು ಬಲ್ಲವನು ಸಮುಚ್ಚಯದ ಡಕ್ಟನ್ನು ನೋಡಿದೊಡನೆ ಅದರ ಮರ್ಮವನ್ನು ತಿಳಿಯುವನು. ಒಂದೇ ವ್ಯತ್ಯಾಸ: ನೀರು ಕೆಳಗಿಳಿಯುತ್ತದೆ, ಹೊಗೆ ಮೇಲೇರುತ್ತದೆ, ಇಲ್ಲಿ ಮೇಲಂತಸ್ತಿನವನೇ ಕೊನೆಯ ರೈತ.

ಆದರೆ ವಿಚಾರದ ಹೃದಯವು ಈ ಶಾಸ್ತ್ರಗಳಲ್ಲಿಲ್ಲ. ದಿನವೂ ಕಾಣುವ ಒಂದು ಸಣ್ಣ ಸಂಗತಿಯಲ್ಲಿದೆ. ಸೇದುವ ಗೃಹಸ್ಥರಲ್ಲಿ ಎಷ್ಟೋ ಮಂದಿ ಮನೆಯೊಳಗೆ ಸೇದುವುದಿಲ್ಲ. ಮಗು ಮಲಗಿದೆಯೆಂದೋ, ತಾಯಿಗೆ ಉಬ್ಬಸವೆಂದೋ, ದೇವರ ಕೋಣೆ ಹತ್ತಿರವೆಂದೋ, ಬಾಲ್ಕನಿಗೆ ಬಂದು, ಹಿಂದಿನ ಬಾಗಿಲನ್ನು ಎಳೆದುಕೊಂಡು, ಆಮೇಲೆ ಕಡ್ಡಿ ಗೀರುತ್ತಾರೆ. ಇಲ್ಲವೆ ಮೆಟ್ಟಿಲ ತಿರುವಿಗೆ ಹೋಗುತ್ತಾರೆ. ಇವರು ದುಷ್ಟರಲ್ಲ, ತಮ್ಮವರ ಮೇಲೆ ಕರುಣೆಯುಳ್ಳವರು. ಆ ಎಳೆದ ಬಾಗಿಲೇ ಇಲ್ಲಿ ಬಹು ದೊಡ್ಡ ಸಾಕ್ಷಿ. ಹೊಗೆ ಕೇಡೆಂದು ಅವರಿಗೆ ಯಾರೂ ಬೋಧಿಸಬೇಕಾಗಿಲ್ಲ, ಯಾವ ವರದಿಯನ್ನೂ ತೋರಿಸಬೇಕಾಗಿಲ್ಲ. ಹೊಗೆಯಿಲ್ಲದ ಮನೆಯೆಂಬ ನಿಯಮವನ್ನು ಅವರು ತಮ್ಮ ಮನೆಗೆ ತಾವೇ ವಿಧಿಸಿಕೊಂಡಿದ್ದಾರೆ, ಯಾವ ಸಭೆಯ ನಿರ್ಣಯವೂ ಇಲ್ಲದೆ, ಯಾವ ದಂಡದ ಭಯವೂ ಇಲ್ಲದೆ. ಉಳಿದ ಪ್ರಶ್ನೆ ಒಂದೇ: ಬಾಲ್ಕನಿಯಿಂದ ಮೇಲೆ ಹೋದ ಆ ಹೊಗೆ ಇನ್ನೊಂದು ಮಗುವಿನ ಕಿಟಕಿಯನ್ನು ಸೇರುವಾಗ, ಆ ಮಗು ‘ತಮ್ಮವರ’ ಲೆಕ್ಕಕ್ಕೆ ಸೇರುತ್ತದೆಯೋ ಇಲ್ಲವೋ? ತನ್ನ ಮಗುವಿನಿಂದ ದೂರ ಮಾಡಿದ್ದನ್ನು ಪರರ ಮಗುವಿನ ಹತ್ತಿರ ಮಾಡಿದರೆ ದೋಷ ಕಳೆಯಲಿಲ್ಲ, ಕೈ ಬದಲಾಯಿತು. ಸಂಘದ ನಿಯಮ ಕೇಳುವುದು ಹೊಸ ಸದ್ಗುಣವನ್ನಲ್ಲ. ಇದ್ದ ಸದ್ಗುಣವೇ ಒಂದು ಗೋಡೆಯಷ್ಟು ಮುಂದೆ ಹೋಗಲಿ ಎಂಬುದನ್ನು.

ಒಗ್ಗರಣೆಯ ಆಕ್ಷೇಪಕ್ಕೂ ಇಲ್ಲಿಯೇ ಸಮಾಧಾನ ದೊರೆಯುತ್ತದೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಮೂರೂ ಕಡೆ ಮೆಣಸಿನಕಾಯಿ ಬೆಳೆಯುವ ನೆಲ. ಕೆಂಪು ಮೆಣಸಿನಕಾಯಿ ಹುರಿಯುವ ಘಾಟು ಸಿಗರೇಟಿನ ಹೊಗೆಗಿಂತ ಮೊದಲು ಕಣ್ಣಲ್ಲಿ ನೀರು ತರಿಸುತ್ತದೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಗ್ಗರಣೆ ಹಾಕುವ ಗೃಹಿಣಿ ತನ್ನ ಮಕ್ಕಳನ್ನು ಹೊರಗೆ ಕಳುಹಿಸಿ ಬಾಗಿಲು ಹಾಕಿಕೊಳ್ಳುವುದಿಲ್ಲ. ಅದೇ ಅನ್ನವನ್ನು ಅವರಿಗೆ ಬಡಿಸುತ್ತಾಳೆ. ತನ್ನವರೊಡನೆ ತಾನೂ ಸಹಿಸುವ ಘಾಟನ್ನು ನೆರೆಯವರೂ ಅಷ್ಟು ಹೊತ್ತು ಸಹಿಸಬೇಕೆಂದು ಕೇಳುವುದರಲ್ಲಿ ಅನ್ಯಾಯವಿಲ್ಲ. ನಾಳೆ ಅವರ ಮನೆಯ ಒಗ್ಗರಣೆಯನ್ನು ಅವಳೂ ಸಹಿಸುತ್ತಾಳೆ. ಹೋಮದ ಹೊಗೆಯಾದರೋ ನೈಮಿತ್ತಿಕ. ವರ್ಷಕ್ಕೊಂದೆರಡು ಸಲದ್ದು, ಹೇಳಿ ಕೇಳಿ ಮಾಡುವಂಥದು. ಹಾಗೆಂದು ಧೂಪದ ಹೊಗೆ ಉಬ್ಬಸದವನಿಗೆ ಅಮೃತವಲ್ಲ. ದಿನವೂ ಸಾಂಬ್ರಾಣಿಯಿಂದ ಮೆಟ್ಟಿಲನ್ನೆಲ್ಲ ತುಂಬಿಸುವ ಭಕ್ತನಿದ್ದರೆ, ಅವನೂ ತನ್ನ ಬಾಗಿಲನ್ನು ಮುಚ್ಚಿಕೊಳ್ಳಬೇಕಾದವನೇ. ಭಕ್ತಿಯ ಹೆಸರಿನಲ್ಲಿ ಈ ಮಾತನ್ನು ಹೇಳಲಂಜುವ ಸಂಘವು ಸಿಗರೇಟಿನ ವಿಷಯದಲ್ಲಿ ಧರ್ಮವನ್ನು ಹೇಳಲಾರದು.

ಇನ್ನೊಂದು ವಾದ ಬಳ್ಳಾರಿಯಲ್ಲಿಯೇ ಹುಟ್ಟುವಂಥದು. ಊರ ಗಾಳಿಯೇ ಕೆಟ್ಟಿರುವಾಗ ಒಂದು ಸಿಗರೇಟಿನ ಲೆಕ್ಕವೇನು ಎಂಬುದು. ಕಳೆದ ದಶಕಗಳಲ್ಲಿ ಸಂಡೂರು ಹೊಸಪೇಟೆಗಳ ದಾರಿಯಲ್ಲಿ ಅದಿರಿನ ಲಾರಿಗಳು ಹರಿದು, ಕೆಂಪು ಧೂಳು ಬೆಳೆಯ ಮೇಲೂ ಒಣಗಹಾಕಿದ ಬಟ್ಟೆಯ ಮೇಲೂ ಕುಳಿತುದನ್ನು ಕಂಡವರು ಹೀಗೆ ಕೇಳುವುದು ಸಹಜ. ಆದರೆ ಆ ಧೂಳಿನ ಕಥೆ ಈ ವಾದಕ್ಕೆ ವಿರುದ್ಧವಾದುದು. ಆಗಲೂ ಗಣಿ ತಮ್ಮದು, ಲಾರಿ ತಮ್ಮದು ಎಂಬ ಸಮಾಧಾನವೇ ಕೇಳಿಬರುತ್ತಿತ್ತು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಮುಂದೆ ಅದು ಕಟ್ಟುಪಾಡುಗಳೊಡನೆ ಮಾತ್ರ ಪುನಃ ಆರಂಭವಾಯಿತು. ಗಾಳಿ ಎಲ್ಲರದೆಂದು ದೊಡ್ಡವರಿಗೆ ಹೇಳಿದ ಊರಿನವರು ಅದೇ ಮಾತನ್ನು ತಮ್ಮ ಮೆಟ್ಟಿಲ ಮೇಲೆ ಕೇಳಲು ಒಪ್ಪದಿದ್ದರೆ ಆ ಮಾತಿನ ತೂಕ ಕಡಮೆಯಾಗುತ್ತದೆ.

ಹೀಗೆ ನಿಯಮವು ನ್ಯಾಯವೆಂದು ಸಿದ್ಧವಾದರೂ, ಅದನ್ನು ಮಾಡುವ ರೀತಿಯಲ್ಲಿ ಅನ್ಯಾಯವಾಗಬಹುದು. ಅಮೆರಿಕ ದೇಶದಲ್ಲಿ ಸರಕಾರದ ಬಡವರ ವಸತಿಗಳೆಲ್ಲ, ಮನೆಯೊಳಭಾಗವೂ ಸೇರಿ, 2018ರ ಜುಲೈ ಕೊನೆಯ ಹೊತ್ತಿಗೆ ಹೊಗೆಯಿಲ್ಲದವಾಗಬೇಕೆಂದು ವಿಧಿಸಲಾಯಿತು. ಉದ್ದೇಶ ಒಳ್ಳೆಯದು, ಆದರೆ ಹೋಗಲು ಬೇರೆ ಎಡೆಯಿಲ್ಲದವರ ಮೇಲೆ ಮೇಲಿನಿಂದ ಇಳಿದ ಕಟ್ಟಳೆ ಅದು. ಸಿಂಗಾಪುರದಲ್ಲಿ ಸಾಮಾನ್ಯ ಓಣಿ ಮೆಟ್ಟಿಲುಗಳಲ್ಲಿ 2013ರಿಂದಲೇ ನಿಷೇಧವುಂಟು. ಕಿಟಕಿ ಬಾಲ್ಕನಿಗಳಿಗೂ ಅದನ್ನು ಹಬ್ಬಿಸಬೇಕೆಂಬ ಸೂಚನೆ 2020ರಲ್ಲಿ ಅಲ್ಲಿನ ಶಾಸನಸಭೆಗೆ ಬಂದಾಗ, ಜನರ ಮನೆಗಳೊಳಗೆ ಕಣ್ಣಿಡಬೇಕಾಗುವುದೆಂದು ಸರಕಾರ ಹಿಂಜರಿಯಿತು. ದಂಡಕ್ಕೆ ಹೆಸರಾದ ರಾಜ್ಯವೇ ಹಿಂಜರಿದ ಸ್ಥಳವಿದು. ಆದುದರಿಂದ ಮೆಟ್ಟಿಲು, ಲಿಫ್ಟು, ಮಾಳಿಗೆ, ಬಾಲ್ಕನಿ, ಡಕ್ಟಿನ ಕಡೆಯ ಕಿಟಕಿ ಇವುಗಳಿಗೆ ನಿಯಮ ಇಂದಿನಿಂದಲೇ ನಡೆಯಲಿ. ಮನೆಯ ಒಳಭಾಗಕ್ಕೆ ಹೊಸದಾಗಿ ಕೊಳ್ಳುವವರಿಗೂ ಹೊಸದಾಗಿ ಬಾಡಿಗೆಗೆ ಬರುವವರಿಗೂ ಮೊದಲೇ ತಿಳಿಸಿ ಅನ್ವಯಿಸಲಿ. ಮೊದಲೇ ಇರುವ ಒಡೆಯನ ಒಳಮನೆಯ ಮಾತನ್ನು ಅವನೂ ಅವನ ಮೇಲಿನ ಪಕ್ಕದ ಮನೆಗಳವರೂ ಕುಳಿತು ಬಗೆಹರಿಸಿಕೊಳ್ಳುವುದೇ ಮೇಲು. ನಿಧಾನವಾದ ದಾರಿಯೆಂಬುದು ನಿಜ. ಆದರೆ ಕೂಡಿ ಮಾಡಿದ ಏರ್ಪಾಡಿನ ಬಲವೆಲ್ಲ ಆ ‘ಕೂಡಿ’ ಎಂಬುದರಲ್ಲಿಯೇ ಇದೆ.

ಬಾಡಿಗೆಯವರ ಸ್ಥಿತಿ ಹೆಚ್ಚು ಕಠಿನ. 1972ರ ಕಾಯಿದೆಯ ಪ್ರಕಾರ ಉಪನಿಯಮಗಳು ಒಡೆಯರನ್ನಷ್ಟೇ ಅಲ್ಲ, ಅವರ ಬಾಡಿಗೆಯವರನ್ನೂ ನೌಕರರನ್ನೂ ಕಟ್ಟುತ್ತವೆ. ಆದರೆ ನಿಯಮ ಮಾಡುವ ಸಂಘ ಒಡೆಯರದು. ಹೊಗೆ ಕುಡಿಯುವ ಬಾಡಿಗೆಯವನಿಗೂ ಹೊಗೆಯಿಂದ ಬಳಲುವ ಬಾಡಿಗೆಯವನಿಗೂ ಇದು ಸಮಾನವಾದ ಕಷ್ಟ. ಇದರ ಮೇಲೆ ಅನುಮಾನಪ್ರಮಾಣದ ತೊಡಕು ಬೇರೆ. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ನೈಯಾಯಿಕರ ಪ್ರಸಿದ್ಧವಾದ ಉದಾಹರಣೆ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಟ್ಟದಲ್ಲಿ ಬೆಂಕಿಯುಂಟು. ಆದರೆ ಡಕ್ಟಿನಲ್ಲಿ ಹೊಗೆ ಕಂಡರೆ ಬೆಂಕಿಯುಂಟೆಂದು ಸಿದ್ಧವಾಗುತ್ತದೆಯೇ ಹೊರತು ಯಾರ ಬೆಂಕಿಯೆಂದು ಸಿದ್ಧವಾಗುವುದಿಲ್ಲ. ಆಗ ಜನರು ತರ್ಕವನ್ನು ಬಿಟ್ಟು ರೂಢಿಯನ್ನು ಹಿಡಿಯುತ್ತಾರೆ: ಮದುವೆಯಾಗದ ಬಾಡಿಗೆಯ ಹುಡುಗರ ಬಾಗಿಲನ್ನೇ ಮೊದಲು ತಟ್ಟುತ್ತಾರೆ. ಹೊಗೆ ನಿವೃತ್ತ ಅಧಿಕಾರಿಯ ಮನೆಯಿಂದ ಬಂದಿದ್ದರೂ ತಟ್ಟುವುದು ಅದೇ ಬಾಗಿಲನ್ನು. ದೂರು ಬಂದಾಗ ಅಧ್ಯಕ್ಷರ ಬಾಗಿಲನ್ನೂ ಒಂದೇ ರೀತಿಯಲ್ಲಿ ತಟ್ಟಲು ಧೈರ್ಯವಿಲ್ಲದ ಸಂಘವು ನಿಯಮ ಬರೆಯದಿರುವುದೇ ಲೇಸು.

ಸೇದುವವನಿಗೆ ಒಂದು ಎಡೆಯನ್ನು ತೋರಿಸದೆ ಬರೀ ಬೇಡವೆನ್ನುವುದೂ ಸರಿಯಲ್ಲ. ಕೌಟಿಲ್ಯನು ಒಲೆಯನ್ನು ಆರಿಸಲಿಲ್ಲ, ದೂರವಿಡಿಸಿದನು. ಮೊಣಕಾಲು ನೋವಿನ ಮುದುಕನೂ ಲಿಫ್ಟಿನಲ್ಲಿ ಇಳಿದು ಹೋಗಬಹುದಾದ ದೂರದಲ್ಲಿ, ಮೇಲೊಂದು ನೆರಳು, ಕೂಡಲು ಒಂದು ಕಲ್ಲುಬೆಂಚು, ಬೂದಿಗೊಂದು ಮರಳಿನ ಡಬ್ಬ. ರಾತ್ರಿ ಕಾವಲಿನವನು ಬೀಡಿ ಹಚ್ಚುವುದೂ ಅಲ್ಲಿಯೇ, ಮೇಲಂತಸ್ತಿನ ಸಾಹುಕಾರನು ಸಿಗರೇಟು ಹಚ್ಚುವುದೂ ಅಲ್ಲಿಯೇ. ಮಾಳಿಗೆಯ ಮೇಲೆ ಈ ಸ್ಥಳ ಕೂಡದು. ಬೇಸಗೆಯಲ್ಲಿ ಕರೆಂಟು ಹೋದ ರಾತ್ರಿ ಹಾಸಿಗೆ ಸುತ್ತಿಕೊಂಡು ಮಕ್ಕಳೊಡನೆ ಮೇಲೆ ಹೋಗುವ ರೂಢಿ ಈ ಊರಿನವರಿಗೆ ಇನ್ನೂ ತಪ್ಪಿಲ್ಲ. ಮುಂಗಾರಿನ ಬಲವಾದ ಗಾಳಿ ಪಶ್ಚಿಮದ ಕಡೆಯಿಂದ ಬೀಸುವುದರಿಂದ ಅಂಗಳದ ಪೂರ್ವದ ಅಂಚು, ಆ ಕಡೆಯ ನೆರೆಯವರ ಕಿಟಕಿಗಳಿಂದ ಸಾಕಷ್ಟು ದೂರವಿರುವುದಾದರೆ, ಅದಕ್ಕೆ ಯೋಗ್ಯವಾದೀತು.